ಹೊಗೆಯ ಲೆಕ್ಕವೂ ಗಾಳಿಯ ಹಾಜರಿಯೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಸ್ತ್ರೀವಿದ್ಯಾಭ್ಯಾಸವನ್ನು ಕುರಿತೋ ಶಾಲೆಯ ಪೂರ್ವವೃತ್ತಾಂತವನ್ನು ಕುರಿತೋ ನಾವು ಬರೆಯುವೆವೆಂದು ಅವರು ಎಣಿಸಿದ್ದರು. ಆ ವಿಷಯಗಳನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯ ಸೋದರಿಯರು ಈ ಸಂಚಿಕೆಯಲ್ಲಿಯೇ ಬರೆದಿರುವರು. ಆದಕಾರಣ ನಾವು ಬೇರೊಂದು ವಿಷಯವನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಅದು ನಾವೂ ನಮ್ಮ ಮಕ್ಕಳೂ ಹಗಲಿರುಳು ಉಸಿರಾಡುವ ಗಾಳಿಯ ವಿಷಯ; ಇನ್ನೂ ಸರಿಯಾಗಿ ಹೇಳುವುದಾದರೆ, ಆ ಗಾಳಿಗೆ ಹೊಗೆಯನ್ನು ಸೇರಿಸುವವರು ಯಾರು, ಯಾರ ಪಾಲು ಎಷ್ಟು, ಎಂಬ ಲೆಕ್ಕದ ವಿಷಯ. ಲೆಕ್ಕವೆಂದೊಡನೆ ಪುಟವನ್ನು ಮಗುಚಿಬಿಡಬೇಡಿರೆಂದು ನಮ್ಮ ಬಿನ್ನಹ. ಈ ಲೆಕ್ಕವನ್ನು ನೋಡದೆ ಹೋದುದರಿಂದ ಒಬ್ಬ ಬಡ ತಾಯಿಯ ಅನ್ನಕ್ಕೆ ನಮ್ಮ ಕೈಯಿಂದಲೇ ಕುತ್ತು ಬರುವುದರಲ್ಲಿತ್ತು.

ನಡೆದ ಸಂಗತಿ ಹೀಗಿದೆ. ನಮ್ಮ ಶಾಲೆ ಬೆಂಗಳೂರಿನ ಒಂದು ದೊಡ್ಡ ರಸ್ತೆಯ ಬದಿಯಲ್ಲಿರುವುದು. ಕಳೆದ ಚಳಿಗಾಲದಲ್ಲಿ ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತ ಹುಡುಗಿಯರಲ್ಲಿ ಕೆಮ್ಮು ಹೆಚ್ಚಾಯಿತು. ಉಬ್ಬಸವುಳ್ಳ ಇಬ್ಬರು ಬಾಲಿಕೆಯರು ಅನೇಕ ದಿನ ಶಾಲೆಗೆ ಬರಲಿಲ್ಲ. ಪೋಷಕರ ಸಭೆಯಲ್ಲಿ ಈ ಮಾತು ಬಂದಾಗ, ನಮ್ಮ ಗೇಟಿನ ಎದುರು ಸೌದೆಯ ಒಲೆಯನ್ನಿಟ್ಟು ಇಡ್ಲಿ ಮಾರುವ ಹೆಂಗಸಿನ ಕಡೆಗೆ ಎಲ್ಲರ ಬೆರಳೂ ತಿರುಗಿತು. ಒಲೆಯ ಹೊಗೆ ಕಣ್ಣಿಗೆ ಕಾಣುತ್ತಿತ್ತು. ಬೇರೆ ಸಾಕ್ಷಿ ಬೇಕೆಂದು ಯಾರಿಗೂ ತೋರಲಿಲ್ಲ. ಆಕೆಯನ್ನು ಅಲ್ಲಿಂದ ಎಬ್ಬಿಸಬೇಕೆಂದು ನಗರಾಡಳಿತಕ್ಕೆ ಒಂದು ಅರ್ಜಿಯನ್ನು ಬರೆದು ಸಿದ್ಧಪಡಿಸಿದೆವು. ರುಜು ಹಾಕುವುದೊಂದು ಉಳಿದಿರಲು, ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಬಂದು, “ಅಮ್ಮನವರೇ, ಅಳೆದು ನೋಡಿದೆವೇ?” ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅರ್ಜಿಯು ಮೇಜಿನ ಖಾನೆಯನ್ನು ಸೇರಿತು. ಮುಂದೇನಾಯಿತೆಂಬುದನ್ನು ಕೊನೆಯಲ್ಲಿ ಹೇಳುವೆವು. ನಾವು ಒಂದು ಗೇಟಿನ ಮುಂದೆ ಮಾಡಹೊರಟ ತಪ್ಪನ್ನೇ ದೊಡ್ಡ ದೊಡ್ಡ ನಗರಗಳು ಇಡೀ ಊರಿನ ವಿಷಯದಲ್ಲಿ ಹೇಗೆ ಮಾಡಿರುವುವು, ಕೆಲವು ಕಡೆ ಅದನ್ನು ಹೇಗೆ ತಿದ್ದಿಕೊಂಡಿರುವುವು, ಎಂಬುದನ್ನು ಮೊದಲು ವಿವರಿಸುವುದು ಯುಕ್ತ.

ಊರಿನ ಹೊಗೆಗೆ ಒಂದು ಲೆಕ್ಕಪಟ್ಟಿ ಉಂಟು. ಇಂಗ್ಲಿಷಿನಲ್ಲಿ ಅದನ್ನು ಎಮಿಷನ್ ಇನ್ವೆಂಟರಿ ಎನ್ನುವರು. ಅದನ್ನು ಮಾಡುವ ಕ್ರಮ ಕಷ್ಟವಾದುದಲ್ಲ. ಊರಿನಲ್ಲಿ ಎಷ್ಟು ಮೋಟಾರು ವಾಹನಗಳಿವೆ, ಒಂದೊಂದು ದಿನಕ್ಕೆ ಎಷ್ಟು ಕಿಲೋಮೀಟರು ಓಡುತ್ತದೆ, ಒಂದು ಕಿಲೋಮೀಟರಿಗೆ ಎಷ್ಟು ಗ್ರಾಂ ಹೊಗೆ ಬಿಡುತ್ತದೆ, ಈ ಮೂರನ್ನೂ ಗುಣಿಸಿದರೆ ವಾಹನಗಳ ಪಾಲು ಬರುವುದು. ಎಷ್ಟು ಕಾರ್ಖಾನೆಗಳು ಎಷ್ಟು ಕಲ್ಲಿದ್ದಲನ್ನು ಸುಡುತ್ತವೆ, ಎಷ್ಟು ಜನರೇಟರುಗಳು ಎಷ್ಟು ಡೀಸೆಲನ್ನು ಕುಡಿಯುತ್ತವೆ, ಎಷ್ಟು ಮನೆಗಳಲ್ಲಿ ಸೌದೆ ಉರಿಯುತ್ತದೆ, ಎಂಬುದನ್ನೂ ಹೀಗೆಯೇ ಗುಣಿಸಿ, ಎಲ್ಲವನ್ನೂ ಕೂಡಿ ಮೊತ್ತವನ್ನು ಬರೆಯುವರು. ನಗರದವರು ಯಾವ ಹೊಗೆಯನ್ನು ಮೊದಲು ತಡೆಯಬೇಕು, ಹಣವನ್ನು ಯಾವುದಕ್ಕೆ ಹಾಕಬೇಕು, ಎಂದು ನಿಶ್ಚಯಿಸುವುದು ಬಹುಮಟ್ಟಿಗೆ ಈ ಪಟ್ಟಿಯನ್ನು ನೋಡಿಯೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೧೦ರ ಸುಮಾರಿಗೆ ಬೆಂಗಳೂರು, ಚೆನ್ನೈ, ದೆಹಲಿ, ಕಾನ್ಪುರ, ಮುಂಬಯಿ, ಪುಣೆ ಎಂಬ ಆರು ನಗರಗಳಿಗೆ ಇಂಥ ಪಟ್ಟಿಗಳನ್ನು ಮಾಡಿಸಿತು. ಬೆಂಗಳೂರಿನ ಗಾಳಿಗೆ ಸೇರುವ ಸಣ್ಣ ಧೂಳಿನಲ್ಲಿ ವಾಹನಗಳದು ೧೦೦ಕ್ಕೆ ಸುಮಾರು ೪೨ ಪಾಲು, ರಸ್ತೆಯಿಂದ ಏಳುವ ಧೂಳಿನದು ಸುಮಾರು ೨೦ ಪಾಲು ಎಂದು ಆಗ ಕಂಡುಬಂದಿತು.

ಇಂಥ ಪಟ್ಟಿ ಬೇಡವೆಂದು ನಾವು ಹೇಳುವುದಿಲ್ಲ. ಪಟ್ಟಿಯಿಲ್ಲದೆ ಆಳುವುದು, ದಾಖಲೆ ಪುಸ್ತಕವಿಲ್ಲದೆ ಶಾಲೆಯನ್ನು ನಡಸಿದಂತೆ. ಆದರೆ ಶಾಲೆಯಲ್ಲಿ ಎರಡು ಪುಸ್ತಕಗಳಿರುವುದನ್ನು ವಾಚಕರೆಲ್ಲರೂ ಬಲ್ಲರು. ಒಂದು ದಾಖಲಾತಿಯ ಪುಸ್ತಕ. ಇನ್ನೊಂದು ಹಾಜರಿ ಪುಸ್ತಕ. ಜೂನ್ ತಿಂಗಳಿನಲ್ಲಿ ಹೆಸರು ಬರೆಸಿದವಳು ಜನವರಿಯಲ್ಲಿ ಬೆಂಚಿನ ಮೇಲೆ ಕುಳಿತಿರುವಳೆಂದು ದಾಖಲಾತಿಯ ಪುಸ್ತಕ ಹೇಳಲಾರದು. ಅದಕ್ಕಾಗಿ ದಿನವೂ ಹೆಸರು ಕೂಗಿ, ಮುಖ ನೋಡಿ, ಗುರುತು ಹಾಕಬೇಕು. ನಗರದ ಹೊಗೆಯ ವಿಷಯದಲ್ಲಿ ನಮ್ಮವರು ದಾಖಲಾತಿಯ ಪುಸ್ತಕವೊಂದನ್ನೇ ನಂಬಿ ಕುಳಿತಿರುವುದು ಹೆಚ್ಚು. ಹಾಜರಿ ತೆಗೆದುಕೊಳ್ಳುವುದು ಕಡಮೆ. ಗಾಳಿಯನ್ನು ನೆಲದ ಮೇಲೆ ನಿಂತು ಅಳೆಯುವುದೇ ಈ ಹಾಜರಿ. ಪಟ್ಟಿಯನ್ನು ಅಳತೆಯೊಂದಿಗೆ ಕಾಲಕಾಲಕ್ಕೆ ತಾಳೆ ನೋಡಿ ತಿದ್ದದಿದ್ದರೆ ಆ ಪಟ್ಟಿಯನ್ನು ನಂಬಿ ಯಾರ ಮೇಲೂ ತಪ್ಪು ಹೊರಿಸಬಾರದು, ಯಾರ ತಪ್ಪನ್ನೂ ಮನ್ನಿಸಬಾರದು ಎಂಬುದು ನಮ್ಮ ಅಭಿಪ್ರಾಯ.

ಪಟ್ಟಿ ಎಲ್ಲೆಲ್ಲಿ ತಪ್ಪುವುದೆಂದು ನೋಡೋಣ. ಮೊದಲನೆಯದಾಗಿ, ಎಣಿಕೆಯೇ ತಪ್ಪುವುದುಂಟು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿರುವುದು. ಆದರೆ ಗುಜರಿಗೆ ಹೋದ ಸ್ಕೂಟರಿನ ಹೆಸರನ್ನು ಹೊಡೆದುಹಾಕಿಸಲು ಎಷ್ಟು ಮಂದಿ ಕಚೇರಿಗೆ ಹೋಗುವರು? ಬೇರೆ ಜಿಲ್ಲೆ, ಬೇರೆ ರಾಜ್ಯಗಳಲ್ಲಿ ನೋಂದಣಿಯಾಗಿ ಇಲ್ಲಿ ಓಡಾಡುವ ಲಾರಿ ನಮ್ಮ ಊರಿನ ಪುಸ್ತಕದಲ್ಲಿ ಎಲ್ಲಿರುವುದು? ದೆಹಲಿಯಲ್ಲಿ ಕೆಲವು ಸಂಶೋಧಕರು ಪೆಟ್ರೋಲ್ ಬಂಕುಗಳಲ್ಲಿ ನಿಂತು ವಾಹನಗಳನ್ನು ವಿಚಾರಿಸಿ ೨೦೧೫ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನಿಜವಾಗಿ ಓಡಾಡುವ ಕಾರು ಮತ್ತು ದ್ವಿಚಕ್ರ ವಾಹನಗಳು ನೋಂದಣಿಯಲ್ಲಿದ್ದುದಕ್ಕಿಂತ ಬಹಳ ಕಡಮೆಯಾಗಿದ್ದುವು. ದಾಖಲಾತಿಗೂ ಹಾಜರಿಗೂ ಇರುವ ಭೇದವೇ ಇದು.

ಎರಡನೆಯದಾಗಿ, ಒಂದು ಕಿಲೋಮೀಟರಿಗೆ ಎಷ್ಟು ಗ್ರಾಂ ಎಂಬ ಅಂಕಿ ತಪ್ಪುವುದುಂಟು. ಈ ಅಂಕಿಯನ್ನು ಸಾಮಾನ್ಯವಾಗಿ ಪರೀಕ್ಷಾಶಾಲೆಯಲ್ಲಿ, ಹೊಸ ವಾಹನವನ್ನು ಉರುಳೆಗಳ ಮೇಲೆ ಓಡಿಸಿ ಗೊತ್ತುಮಾಡುವರು. ಪರೀಕ್ಷೆಯ ದಿನ ಜಡೆ ಹೆಣೆದು ಶುಭ್ರವಾಗಿ ಬರುವ ಹುಡುಗಿ ಎಲ್ಲ ದಿನವೂ ಹಾಗೆಯೇ ಇರುವಳೆ? ಅಮೆರಿಕಾದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯದವರು ಫೋಕ್ಸ್‌ವ್ಯಾಗನ್ ಕಂಪೆನಿಯ ಡೀಸೆಲ್ ಕಾರುಗಳ ಹಿಂಬದಿಗೆ ಅಳತೆಯ ಯಂತ್ರವನ್ನು ಕಟ್ಟಿ ರಸ್ತೆಯ ಮೇಲೆಯೇ ಓಡಿಸಿದಾಗ, ಒಂದು ಕಾರಿನಲ್ಲಿ ನೈಟ್ರೋಜನ್ ಆಕ್ಸೈಡುಗಳು ಕಟ್ಟಳೆಗಿಂತ ೧೫ರಿಂದ ೩೫ ಪಟ್ಟು ಹೆಚ್ಚಾಗಿ ಕಂಡುವು. ಪರೀಕ್ಷೆಯ ಸಮಯವನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ತಗ್ಗಿಸುವ ಉಪಾಯವನ್ನು ಆ ಕಾರುಗಳಲ್ಲಿ ಅಡಗಿಸಿದ್ದರೆಂಬುದು ೨೦೧೫ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಪರೀಕ್ಷಾಶಾಲೆಯ ಅಂಕಿಯನ್ನೇ ನಂಬಿ ಬರೆದ ಪಟ್ಟಿಗಳೆಲ್ಲ ಅಷ್ಟು ಕಾಲವೂ ಸುಳ್ಳನ್ನೇ ಕೂಡಿಸುತ್ತಿದ್ದುವು.

ಮೂರನೆಯ ತಪ್ಪು ಇವೆರಡಕ್ಕಿಂತ ಸೂಕ್ಷ್ಮವಾದುದು. ಯಾವುದಕ್ಕೆ ಲೈಸೆನ್ಸು ಇಲ್ಲವೋ, ರಸೀತಿ ಇಲ್ಲವೋ, ಅದು ಪಟ್ಟಿಯೊಳಗೆ ಬರುವುದೇ ಕಷ್ಟ. ಬೀದಿಯ ಮೂಲೆಯಲ್ಲಿ ಕಸಕ್ಕೆ ಇಟ್ಟ ಬೆಂಕಿಯೇ ಇದಕ್ಕೆ ದೃಷ್ಟಾಂತ. ಕಸವನ್ನು ಬಯಲಿನಲ್ಲಿ ಸುಡುವುದು ನಿಷಿದ್ಧ. ನಿಷಿದ್ಧವಾದ ಕಾರಣದಿಂದಲೇ ಅದನ್ನು ಯಾರೂ ಬರೆದಿಡುವುದಿಲ್ಲ. ಈ ಕೊರತೆಯನ್ನು ತುಂಬಲು ಕೆಲವು ಸಂಶೋಧಕರು ದೆಹಲಿಯಲ್ಲಿ ಗೊತ್ತುಮಾಡಿದ ಹಾದಿಗಳನ್ನು ಹಿಡಿದು ಕಾಲ್ನಡೆಯಲ್ಲಿ ಹೋಗಿ, ಎಲ್ಲೆಲ್ಲಿ ಕಸ ಉರಿಯುತ್ತಿದೆ ಎಂದು ಎಣಿಸಿದರು. ೨೦೧೫ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಆ ನಗರದಲ್ಲಿ ದಿನಕ್ಕೆ ೧೯೦ರಿಂದ ೨೪೬ ಟನ್ನುಗಳಷ್ಟು ಕಸ ಉರಿಯುತ್ತಿತ್ತು. ಕಣ್ಣು, ಕಾಲು, ಒಂದು ನೋಟುಪುಸ್ತಕ, ಇಷ್ಟೇ ಆ ಎಣಿಕೆಗೆ ಮುಖ್ಯವಾಗಿ ಬೇಕಾದ ಸಾಧನಗಳು. ನೆಲದ ಮೇಲಿನ ಅಳತೆಯೆಂದರೆ ಯಾವಾಗಲೂ ಕೋಟಿ ರೂಪಾಯಿಯ ಯಂತ್ರವೇ ಬೇಕೆಂದು ತಿಳಿಯಬಾರದು.

ಇನ್ನು, ಅಳತೆಯಿಂದ ಪಟ್ಟಿಯನ್ನು ತಿದ್ದುವ ಬಗೆ ಹೇಗೆ? ಇದಕ್ಕೆ ಹೆಸರಾದ ಉದಾಹರಣೆ ಅಮೆರಿಕಾದ ಲಾಸ್ ಏಂಜಲೀಸ್ ನಗರ. ಅಲ್ಲಿ ೧೯೪೩ರಿಂದ ಕಣ್ಣುರಿಸುವ ಮಬ್ಬು ಕವಿಯತೊಡಗಿತ್ತು. ಆ ಮಬ್ಬಿನಲ್ಲಿರುವ ಓಜೋನ್ ಎಂಬ ವಿಷವಾಯು ಯಾವ ಚಿಮಣಿಯಿಂದಲೂ ನೇರವಾಗಿ ಬರದೆ, ಹೈಡ್ರೋಕಾರ್ಬನ್ ಆವಿಗಳೂ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಬೆರೆತು ಹುಟ್ಟುತ್ತದೆಂದು ಆರಿ ಹಾಗೆನ್‌ಸ್ಮಿಟ್ ಎಂಬ ರಸಾಯನ ಶಾಸ್ತ್ರಜ್ಞರು ೧೯೫೦ರ ದಶಕದ ಆದಿಯಲ್ಲಿ ತೋರಿಸಿಕೊಟ್ಟರು. ಅಂದಮೇಲೆ ಆ ಎರಡು ಬಗೆಯ ಹೊಗೆಯ ಲೆಕ್ಕ ಸರಿಯಾಗಿದ್ದಲ್ಲದೆ ಮದ್ದು ನಾಟುವಂತಿರಲಿಲ್ಲ. ವರ್ಷಗಟ್ಟಲೆ ಪಟ್ಟಿಗಳನ್ನು ಮಾಡಿದರು, ಕಟ್ಟಳೆಗಳನ್ನು ಬಿಗಿಮಾಡಿದರು, ಗಾಳಿಯು ಉತ್ತಮವಾಯಿತಾದರೂ ಎಣಿಸಿದಷ್ಟು ಆಗಲಿಲ್ಲ.

ಕಡೆಗೆ ೧೯೮೭ರಲ್ಲಿ ಆ ನಗರದ ವ್ಯಾನ್ ನೈಸ್ ಎಂಬ ಭಾಗದ ರಸ್ತೆ ಸುರಂಗವೊಂದರಲ್ಲಿ ಅಳತೆ ಮಾಡಿದರು. ಸುರಂಗದ ಉಪಾಯ ಬಹು ಸರಳವಾದುದು. ಒಳಗೆ ಬರುವ ಗಾಳಿಯಲ್ಲಿ ಎಷ್ಟು ಹೊಗೆ, ಹೊರಗೆ ಹೋಗುವ ಗಾಳಿಯಲ್ಲಿ ಎಷ್ಟು ಹೊಗೆ, ಎಂದು ಅಳೆದು ಕಳೆದರೆ, ನಡುವೆ ಓಡಿದ ವಾಹನಗಳು ಬಿಟ್ಟದ್ದು ಎಷ್ಟೆಂದು ತಿಳಿಯುವುದು. ಓಡಿದ ವಾಹನಗಳನ್ನು ಎಣಿಸಿ ಭಾಗಿಸಿದರೆ ಒಂದೊಂದರ ಪಾಲು ಸಿಗುವುದು. ಹೀಗೆ ನೋಡಿದಾಗ ಕಾರ್ಬನ್ ಮೊನಾಕ್ಸೈಡು ಪಟ್ಟಿಯ ಲೆಕ್ಕಕ್ಕಿಂತ ಸುಮಾರು ಮೂರು ಪಟ್ಟು, ಹೈಡ್ರೋಕಾರ್ಬನ್ನುಗಳು ಸುಮಾರು ನಾಲ್ಕು ಪಟ್ಟು ಇದ್ದುವು. ನೈಟ್ರೋಜನ್ ಆಕ್ಸೈಡುಗಳು ಮಾತ್ರ ಲೆಕ್ಕಕ್ಕೆ ಸಮೀಪವಾಗಿದ್ದುವು. ಮೊದಲು ಕೆಲವರು ನಂಬಲಿಲ್ಲ. ಅಳತೆಯಲ್ಲಿಯೇ ದೋಷವಿರಬೇಕೆಂದರು. ಆದರೆ ನಗರದ ಬಯಲುಗಾಳಿಯ ಅಳತೆಗಳೂ ಅದನ್ನೇ ಹೇಳಿದುವು.

ಬಯಲುಗಾಳಿಯಿಂದ ಇದನ್ನು ತಿಳಿಯುವ ಬಗೆಯನ್ನು ಅಡುಗೆ ಬಲ್ಲ ಹೆಣ್ಣುಮಕ್ಕಳಿಗೆ ಹೇಳುವುದು ಸುಲಭ. ಸಾರಿಗೆ ನೀರು ಹೆಚ್ಚು ಹೊಯ್ದರೆ ಉಪ್ಪೂ ಸಪ್ಪಗಾಗುವುದು, ಹುಳಿಯೂ ಸಪ್ಪಗಾಗುವುದು. ಆದರೆ ಉಪ್ಪಿಗೂ ಹುಳಿಗೂ ಇರುವ ಪರಸ್ಪರ ಪ್ರಮಾಣ ಬದಲಾಗದು. ಹಾಗೆಯೇ ಗಾಳಿ ಬೀಸಿ ಹೊಗೆ ಎಷ್ಟು ತೆಳುವಾದರೂ, ಬೆಳಗಿನ ಹೊತ್ತು ಅದರೊಳಗಿನ ಎರಡು ಅನಿಲಗಳ ಪ್ರಮಾಣ ಬಹುಮಟ್ಟಿಗೆ ಹಾಗೆಯೇ ಉಳಿಯುವುದು. ಪಟ್ಟಿಯಲ್ಲಿರುವ ಪ್ರಮಾಣಕ್ಕೂ ಗಾಳಿಯಲ್ಲಿರುವ ಪ್ರಮಾಣಕ್ಕೂ ಹೊಂದಿಕೆಯಾಗದಿದ್ದರೆ ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ ಎಂದರ್ಥ. ೧೯೯೧ರಲ್ಲಿ ಅಮೆರಿಕಾದ ರಾಷ್ಟ್ರೀಯ ಸಂಶೋಧನ ಮಂಡಲಿಯು ಇವೆಲ್ಲವನ್ನೂ ತೂಗಿ ನೋಡಿ, ಮನುಷ್ಯರು ಗಾಳಿಗೆ ಬಿಡುವ ಹೈಡ್ರೋಕಾರ್ಬನ್ ಆವಿಗಳು ಪಟ್ಟಿಗಳಲ್ಲಿ ಬರೆದುದಕ್ಕಿಂತ ಎರಡರಿಂದ ನಾಲ್ಕು ಪಟ್ಟು ಇರಬಹುದೆಂದೂ, ಅನೇಕ ಕಡೆಗಳಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನೂ ತಡೆಯದೆ ಓಜೋನ್ ಇಳಿಯದೆಂದೂ ಹೇಳಿತು. ಅಷ್ಟು ಕಾಲ ರೋಗಿಗೆ ಕೊಟ್ಟ ಔಷಧದ ಪ್ರಮಾಣವೇ ತಪ್ಪಾಗಿತ್ತು.

ಯಾರು ಬಿಟ್ಟುಹೋಗಿದ್ದರು? ಡೊನಾಲ್ಡ್ ಸ್ಟೆಡ್ಮನ್ ಎಂಬ ಡೆನ್ವರ್ ನಗರದ ಅಧ್ಯಾಪಕರೂ ಅವರ ಜೊತೆಗಾರರೂ ರಸ್ತೆಗೆ ಅಡ್ಡಲಾಗಿ ಕಣ್ಣಿಗೆ ಕಾಣದ ಕಿರಣವನ್ನು ಹಾಯಿಸಿ, ಓಡುವ ಕಾರಿನ ಹೊಗೆಯನ್ನು ಓಡುತ್ತಿರುವಾಗಲೇ ಅಳೆಯುವ ಯಂತ್ರವನ್ನು ಮಾಡಿದರು. ನೂರರಲ್ಲಿ ಸುಮಾರು ಹತ್ತು ಕಾರುಗಳೇ ಕಾರ್ಬನ್ ಮೊನಾಕ್ಸೈಡಿನ ಅರ್ಧದಷ್ಟನ್ನು ಬಿಡುತ್ತಿದ್ದುದು ಅದರಿಂದ ತಿಳಿಯಿತು. ತರಗತಿಯಲ್ಲಿ ಗದ್ದಲವಾದರೆ ಎಲ್ಲರನ್ನೂ ನಿಲ್ಲಿಸಿ ಶಿಕ್ಷಿಸುವುದು ಸೋಮಾರಿ ಉಪಾಧ್ಯಾಯಿನಿಯ ಪದ್ಧತಿ. ಗದ್ದಲ ಮಾಡಿದವರನ್ನು ಕಂಡುಹಿಡಿಯಬೇಕಾದರೆ ತರಗತಿಯೊಳಗೆ ಹೋಗಿ ನಿಲ್ಲಬೇಕು.

ಇತ್ತೀಚಿನ ಕಾಲದಲ್ಲಿ ಈ ವಿದ್ಯೆ ಇನ್ನೂ ಮುಂದುವರಿದಿದೆ. ಲಂಡನ್ ನಗರದ ಬಿ.ಟಿ. ಗೋಪುರದ ಮೇಲೆ, ನೆಲದಿಂದ ಸುಮಾರು ೧೮೦ ಮೀಟರಿಗೂ ಮೇಲಿನ ಎತ್ತರದಲ್ಲಿ ಯಂತ್ರಗಳನ್ನಿಟ್ಟು, ಮೇಲಕ್ಕೇಳುವ ಗಾಳಿಯ ಸುಳಿಗಳು ಎಷ್ಟು ನೈಟ್ರೋಜನ್ ಆಕ್ಸೈಡುಗಳನ್ನು ಹೊತ್ತು ತರುತ್ತವೆಂದು ಅಳೆದರು. ೨೦೧೫ರಲ್ಲಿ ಪ್ರಕಟವಾದ ಆ ಅಳತೆಯು ಅಧಿಕೃತ ಪಟ್ಟಿಗಿಂತ ಗಣನೀಯವಾಗಿ ಹೆಚ್ಚಾಗಿತ್ತು. ನಮ್ಮ ದೇಶದಲ್ಲಿಯೂ ಮುಂಬಯಿಯ ಈಸ್ಟರ್ನ್ ಫ್ರೀವೇ ಸುರಂಗದಲ್ಲಿ ಸಂಶೋಧಕರು ವಾಹನಗಳ ನಿಜವಾದ ಹೊಗೆಯನ್ನು ಅಳೆದಿರುವರು. ಇವಲ್ಲದೆ, ಪಟ್ಟಿ ನಿಜವಾಗಿದ್ದರೆ ಇಂದಿನ ಗಾಳಿ ಬಿಸಿಲುಗಳಲ್ಲಿ ಇಂಥ ಬೀದಿಯಲ್ಲಿ ಇಷ್ಟು ಹೊಗೆ ಇರಬೇಕೆಂದು ಗಣಕಯಂತ್ರದಿಂದ ಮೊದಲೇ ಲೆಕ್ಕ ಹಾಕಿ, ಅಲ್ಲಿಯ ಅಳತೆಯೊಂದಿಗೆ ಹೋಲಿಸುವ ಕ್ರಮವೂ ಇದೆ. ಬೇರೆ ಎಲ್ಲ ದಿಕ್ಕಿನಿಂದ ಗಾಳಿ ಬೀಸಿದಾಗ ಲೆಕ್ಕ ಸರಿಯಾಗಿದ್ದು, ಒಂದು ದಿಕ್ಕಿನಿಂದ ಬೀಸಿದಾಗ ಮಾತ್ರ ಪದೇಪದೇ ತಪ್ಪಿದರೆ, ಆ ದಿಕ್ಕಿನಲ್ಲಿ ಪಟ್ಟಿಗೆ ಸೇರದ ಹೊಗೆಯೊಂದು ಇದೆ ಎಂದು ಊಹಿಸಿ ಹುಡುಕಬಹುದು.

ಇಷ್ಟೆಲ್ಲ ಹೇಳಿದುದರಿಂದ, ಅಳತೆ ಎಂದಿಗೂ ತಪ್ಪದು, ಪಟ್ಟಿಯೇ ಯಾವಾಗಲೂ ಸುಳ್ಳು, ಎಂದು ವಾಚಕರು ತಿಳಿಯಬಾರದು. ದಕ್ಷಿಣ ಏಷ್ಯದ ಮೇಲೆ ಚಳಿಗಾಲದಲ್ಲಿ ಕವಿಯುವ ಕಂದು ಮಬ್ಬಿನ ವಿಷಯದಲ್ಲಿ ನಡೆದುದನ್ನು ಕೇಳಿರಿ. ಅದರ ಮಸಿಯಲ್ಲಿ ಹೆಚ್ಚು ಪಾಲು ಸೌದೆ, ಬೆರಣಿ, ಪೈರಿನ ಕೂಳೆ ಮೊದಲಾದವುಗಳ ಬೆಂಕಿಯಿಂದ ಬಂದುದೆಂದು ಪಟ್ಟಿಗಳು ಹೇಳಿದುವು. ಮಸಿಯ ಧಾತುಗಳನ್ನು ಪರೀಕ್ಷಿಸಿದ ಅಳತೆಗಳೋ, ಇಲ್ಲ, ಹೆಚ್ಚಿನದು ಕಲ್ಲಿದ್ದಲು ಮತ್ತು ಎಣ್ಣೆಗಳದೇ ಎಂದುವು. ಆಗ ಪುಣೆಯ ಹತ್ತಿರದ ಸಿಂಹಗಡದಲ್ಲಿಯೂ ಮಾಲ್ದೀವ್ ದ್ವೀಪದಲ್ಲಿಯೂ ಮಸಿಯನ್ನು ಹಿಡಿದು, ಅದರಲ್ಲಿರುವ ಕಾರ್ಬನ್-೧೪ನ್ನು ಅಳೆದರು. ಮರಗಿಡಗಳಲ್ಲಿ ಈ ಕಾರ್ಬನ್ ಉಂಟು. ಕೋಟ್ಯಂತರ ವರ್ಷ ನೆಲದೊಳಗಿದ್ದ ಕಲ್ಲಿದ್ದಲಿನಲ್ಲಿಯೂ ಎಣ್ಣೆಯಲ್ಲಿಯೂ ಅದು ಉಳಿದಿರದು. ೨೦೦೯ರಲ್ಲಿ ಪ್ರಕಟವಾದ ಫಲವೇನೆಂದರೆ, ಮಸಿಯಲ್ಲಿ ಅರ್ಧದಿಂದ ಮೂರರಲ್ಲೆರಡು ಪಾಲು ಮರಗಿಡಗಳ ಬೆಂಕಿಯದು. ಇಲ್ಲಿ ಪಟ್ಟಿಯೇ ಬಹುಮಟ್ಟಿಗೆ ಗೆದ್ದಿತು. ಆದರೆ ಅದು ಗೆದ್ದಿತೆಂದು ತಿಳಿದದ್ದೂ ಇನ್ನೊಂದು ಉತ್ತಮವಾದ ಅಳತೆಯಿಂದಲೇ.

ಅಳತೆಯ ದೋಷಗಳನ್ನೂ ಮರೆಮಾಚಬಾರದು. ಚಳಿಗಾಲದ ಬೆಳಗಿನಲ್ಲಿ ತಂಪುಗಾಳಿಯು ನೆಲಕ್ಕಂಟಿ, ಮೇಲಿನ ಬೆಚ್ಚನೆಯ ಗಾಳಿ ಪಾತ್ರೆಗೆ ಮುಚ್ಚಳವಿಟ್ಟಂತೆ ನಿಲ್ಲುವುದು. ಬಿಟ್ಟ ಹೊಗೆ ಬೇಸಿಗೆಯಷ್ಟೇ ಆಗಿದ್ದರೂ ಉಸಿರಾಡುವ ಗಾಳಿಯಲ್ಲಿ ಅದು ಎಷ್ಟೋ ದಟ್ಟವಾಗಿ ಕಾಣುವುದು. ಈ ಮುಚ್ಚಳದ ಲೆಕ್ಕವನ್ನು ಹಿಡಿಯದೆ, ಜನವರಿಯಲ್ಲಿ ಹೊಗೆ ಬಿಡುವವರು ಹೆಚ್ಚಾದರೆಂದು ಹೇಳುವುದು ತಪ್ಪು. ಅಗ್ಗದ ಯಂತ್ರಗಳು ಮಂಜಿನ ಹನಿಯನ್ನೂ ಧೂಳೆಂದು ಎಣಿಸುವುದುಂಟು. ಅಳೆಯುವ ಯಂತ್ರವನ್ನು ಮರಗಳಿರುವ ಉದ್ಯಾನದಲ್ಲಿ ಇಟ್ಟರೆ ಒಂದು ಉತ್ತರ, ಬಸ್ಸು ನಿಲ್ಲುವಲ್ಲಿ ಇಟ್ಟರೆ ಇನ್ನೊಂದು ಉತ್ತರ. ಆದುದರಿಂದ ಪಟ್ಟಿಯು ಅಳತೆಯನ್ನು ಪ್ರಶ್ನಿಸಬೇಕು, ಅಳತೆಯು ಪಟ್ಟಿಯನ್ನು ಪ್ರಶ್ನಿಸಬೇಕು.

ಕೆಲವರು ಹೀಗೆ ಆಕ್ಷೇಪಿಸುವರು: “ಮಕ್ಕಳು ಕೆಮ್ಮುತ್ತಿರುವಾಗ ಎಣಿಸುತ್ತ ಕುಳಿತಿರುವುದು ಸರಿಯೆ? ಮನೆ ಹತ್ತಿ ಉರಿಯುವಾಗ ಜ್ವಾಲೆಯ ಎತ್ತರವನ್ನು ಅಳೆಯುವರೆ?” ಈ ಆಕ್ಷೇಪದಲ್ಲಿ ಸತ್ಯವಿಲ್ಲದೆ ಇಲ್ಲ. ೧೯೫೨ರ ಡಿಸೆಂಬರ್ ೫ರಿಂದ ೯ರವರೆಗೆ ಲಂಡನ್ ನಗರವನ್ನು ಕಲ್ಲಿದ್ದಲಿನ ಹೊಗೆಯ ಮಂಜು ಮುಚ್ಚಿಕೊಂಡಿತು. ಸುಮಾರು ೪,೦೦೦ ಮಂದಿ ಸತ್ತರೆಂದು ಆಗ ಎಣಿಸಿದರು. ಮುಂದಿನ ತಿಂಗಳುಗಳ ಮರಣಗಳನ್ನೂ ಸೇರಿಸಿ ೧೨,೦೦೦ದವರೆಗೆ ಇರಬಹುದೆಂದು ಈಚಿನ ಸಂಶೋಧಕರು ಹೇಳುವರು. ಶುದ್ಧ ಗಾಳಿಯ ಕಾನೂನು ಬಂದದ್ದು ೧೯೫೬ರಲ್ಲಿ. ಅಂಥ ಕಡೆ ಸೂಕ್ಷ್ಮವಾದ ಲೆಕ್ಕಕ್ಕಾಗಿ ಕಾಯುವುದು ಪಾಪವೇ ಸರಿ. ತಿಳಿದಿರುವ ಕೇಡನ್ನು ಕೂಡಲೇ ತಡೆಯಬೇಕು. ಆದರೆ ಎರಡು ಮೂರು ಕೇಡುಗಳಲ್ಲಿ ಯಾವುದು ದೊಡ್ಡದೆಂಬುದೇ ತಿಳಿಯದಿರುವಾಗ, ಅಳೆಯದೆ ಓಡುವವನು ಬೆಂಕಿಯಿಲ್ಲದ ಮನೆಗೆ ನೀರು ಹೊಯ್ಯುವನು.

ಲೆಕ್ಕ ತಪ್ಪಿದರೆ ಪೆಟ್ಟು ಬೀಳುವುದು ಎಲ್ಲರ ಮೇಲೂ ಸಮನಾಗಿ ಅಲ್ಲ ಎಂಬುದನ್ನೂ ನೆನೆಯಬೇಕು. ಪಟ್ಟಿಯಲ್ಲಿ ಹೆಚ್ಚಾಗಿ ಬರೆದುದು ಉಳ್ಳವರ ಹೊಗೆಯಾದರೆ ಅವರು ವಕೀಲರನ್ನಿಟ್ಟು ಪ್ರಶ್ನಿಸುವರು. ಬಡವರ ಒಲೆಯದಾದರೆ ಪ್ರಶ್ನಿಸುವವರು ಯಾರು? ಇತ್ತ, ಪಟ್ಟಿಯಲ್ಲಿ ಬಿಟ್ಟುಹೋದ ಹೊಗೆ ಹೆಚ್ಚಾಗಿ ಮುಚ್ಚುವುದೂ ಬಡವರ ಬೀದಿಯನ್ನೇ. ಕಸದ ಬೆಂಕಿ ಏಳುವುದು ಕಸದ ಬಂಡಿ ಸರಿಯಾಗಿ ಬಾರದ ಕೇರಿಯಲ್ಲಿ. ಹೀಗೆ ಲೆಕ್ಕದ ತಪ್ಪು ಅವರನ್ನು ಎರಡು ಕಡೆಯಿಂದಲೂ ಹೊಡೆಯುವುದು. ಆದುದರಿಂದ ಇದು ಶಾಸ್ತ್ರಜ್ಞರಿಗೆ ಮಾತ್ರ ಸೇರಿದ ವಿಷಯವಲ್ಲ, ನ್ಯಾಯದ ವಿಷಯ.

ನಮ್ಮ ರಾಜ್ಯದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಎಂಬ ನಾಲ್ಕು ನಗರಗಳನ್ನು, ಗಾಳಿಯ ಕಟ್ಟಳೆಯನ್ನು ಮುಟ್ಟದ ನಗರಗಳೆಂದು ೨೦೧೯ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಸೇರಿಸಿದರು. ಧೂಳನ್ನು ೨೦೨೪ರೊಳಗೆ ೧೦೦ಕ್ಕೆ ೨೦ರಿಂದ ೩೦ರಷ್ಟು ಇಳಿಸಬೇಕೆಂದು ಮೊದಲು ಗುರಿಯಿಟ್ಟು, ಆಮೇಲೆ ಅದನ್ನು ೨೦೨೫–೨೬ರೊಳಗೆ ೪೦ರಷ್ಟು ಎಂದು ಏರಿಸಿದರು. ಗುರಿಯಿಟ್ಟುದು ಒಳ್ಳೆಯದು. ಆದರೆ ೨೦೧೦ರ ಪಟ್ಟಿಯನ್ನು ಬರೆದ ಮೇಲೆ ನಮ್ಮ ಊರಿನ ವಾಹನಗಳು ಎರಡು ಪಟ್ಟಿಗೂ ಮೀರಿ ಬೆಳೆದಿವೆ. ೨೦೧೧ರಲ್ಲಿ ಮೆಟ್ರೋ ರೈಲು ಬಂದಿತು. ೨೦೨೦ರ ಏಪ್ರಿಲಿನಿಂದ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ ೬ ಎಂಬ ಬಿಗಿಯಾದ ಕಟ್ಟಳೆ ಬಂದಿತು. ಹತ್ತು ವರ್ಷದ ಹಿಂದಿನ ಅಂಕಪಟ್ಟಿಯನ್ನು ನೋಡಿ ಈ ವರ್ಷದ ವಿದ್ಯಾರ್ಥಿನಿಯನ್ನು ಮೇಲಿನ ತರಗತಿಗೆ ಏರಿಸುವ ಮುಖ್ಯೋಪಾಧ್ಯಾಯಿನಿ ಎಲ್ಲಿರುವಳು?

ಆಳುವವರಲ್ಲಿ ನಮ್ಮ ಕೋರಿಕೆ ಮೂರು. ಒಂದನೆಯದು, ನಗರದ ಹೊಗೆಯ ಪಟ್ಟಿಯನ್ನು ಕನ್ನಡದಲ್ಲಿ, ವಾರ್ಡುವಾರು, ಯಾವ ವರ್ಷದ ಲೆಕ್ಕವೆಂದು ನಮೂದಿಸಿ, ಯಾವ ಅಂಕಿ ಗಟ್ಟಿ, ಯಾವುದು ಅಂದಾಜು ಎಂದು ಬಿಡಿಸಿ ಹೇಳಿ, ಎಲ್ಲರಿಗೂ ಸಿಕ್ಕುವಂತೆ ಪ್ರಕಟಿಸತಕ್ಕದ್ದು. ಎರಡನೆಯದು, ಎರಡು ಮೂರು ವರ್ಷಗಳಿಗೊಮ್ಮೆಯಾದರೂ ಅದನ್ನು ನೆಲದ ಅಳತೆಗಳೊಂದಿಗೆ ತಾಳೆ ನೋಡಿ, ಎಷ್ಟು ತಪ್ಪಿತ್ತೆಂಬುದನ್ನು ನಾಚಿಕೆಯಿಲ್ಲದೆ ಹೇಳತಕ್ಕದ್ದು. ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಿದ ಪುಸ್ತಕವೇ ನಂಬತಕ್ಕ ಪುಸ್ತಕ. ಮೂರನೆಯದು, ಅಳೆಯುವ ಯಂತ್ರಗಳನ್ನು ದೊಡ್ಡ ಕಚೇರಿಗಳ ಅಂಗಳದಲ್ಲಿ ಮಾತ್ರವಲ್ಲದೆ, ಶಾಲೆಗಳ ಬಳಿಯೂ ಬಡವರ ಕೇರಿಗಳಲ್ಲಿಯೂ ಇಡತಕ್ಕದ್ದು.

ಇನ್ನು ನಮ್ಮ ಗೇಟಿನ ಕಥೆಯನ್ನು ಮುಗಿಸುವೆವು. ಹಳೆಯ ವಿದ್ಯಾರ್ಥಿನಿಯೊಬ್ಬರು ಧೂಳನ್ನು ಎಣಿಸುವ ಸಣ್ಣ ಯಂತ್ರವೊಂದನ್ನು ಎರವಾಗಿ ಕೊಟ್ಟರು. ಒಂಬತ್ತನೆಯ ತರಗತಿಯ ಹುಡುಗಿಯರು ಎರಡು ವಾರ, ಬೆಳಗಿನಿಂದ ಸಂಜೆಯ ತನಕ ಸರದಿಯ ಮೇಲೆ, ಗೇಟಿನಲ್ಲಿ, ಒಲೆಯ ಹತ್ತಿರ, ಹಿಂದಿನ ಗೋಡೆಯ ಬಳಿಯ ಬೇವಿನ ಮರದ ಕೆಳಗೆ, ಹೀಗೆ ಮೂರು ಕಡೆ ಅಳೆದು ಬರೆದರು. ಒಂದು ರಿಬ್ಬನ್ನು ಕಡ್ಡಿಗೆ ಕಟ್ಟಿ ಗಾಳಿಯ ದಿಕ್ಕನ್ನೂ ಬರೆದರು. ಯಂತ್ರ ಅಗ್ಗದ್ದು, ಅದರ ಅಂಕಿಯನ್ನು ನಾವು ಪ್ರಮಾಣವೆಂದು ಹೇಳುವುದಿಲ್ಲ. ಆದರೆ ಒಂದೇ ಯಂತ್ರದಿಂದ ಒಂದು ಹೊತ್ತನ್ನು ಇನ್ನೊಂದು ಹೊತ್ತಿನೊಂದಿಗೆ ಹೋಲಿಸುವುದಕ್ಕೆ ಅಡ್ಡಿಯಿಲ್ಲ.

ಒಲೆಯ ಹೊಗೆ ಹೆಚ್ಚಾಗಿದ್ದುದು ಬೆಂಕಿ ಹಚ್ಚುವ ನಸುಕಿನಲ್ಲಿ. ಆಗ ನಮ್ಮ ಮಕ್ಕಳು ಯಾರೂ ಅಲ್ಲಿರುವುದಿಲ್ಲ. ಆ ಹೊಗೆಯನ್ನು ಕುಡಿಯುತ್ತಿದ್ದವಳು ಆ ತಾಯಿಯೊಬ್ಬಳೇ. ಗೇಟಿನ ಬಳಿ ಅಂಕಿ ಏರುತ್ತಿದ್ದುದು ಮಕ್ಕಳನ್ನು ಇಳಿಸಲು ಬಂದ ಕಾರುಗಳೂ ವ್ಯಾನುಗಳೂ ಎಂಜಿನ್ನನ್ನು ನಿಲ್ಲಿಸದೆ ಸಾಲಾಗಿ ನಿಂತ ಹೊತ್ತಿನಲ್ಲಿ. ಅವುಗಳಲ್ಲಿ ಹಲವು, ಸಭೆಯಲ್ಲಿ ಬೆರಳು ತೋರಿದವರವೇ. ಹಿಂದಿನ ಗೋಡೆಯ ಬಳಿ ಕೆಲವು ಮಧ್ಯಾಹ್ನ ಅಂಕಿ ಥಟ್ಟನೆ ಏರುತ್ತಿತ್ತು. ಏಕೆಂದು ಹುಡುಗಿಯರು ಹೋಗಿ ನೋಡಿದರು. ನಮ್ಮ ಶಾಲೆಯ ತರಗೆಲೆ, ಕಾಗದದ ಚೂರು, ಹರಿದ ಪ್ಲಾಸ್ಟಿಕ್ ಹೊದಿಕೆಗಳಿಗೆ ಅಲ್ಲಿ ಬೆಂಕಿಯಿಡುತ್ತಿದ್ದರು. ಹಾಗೆ ಮಾಡಲು ಅಪ್ಪಣೆ ಕೊಟ್ಟವರು ನಾವೇ. ವರ್ಷಗಳಿಂದ ನಡೆದುಬಂದ ರೂಢಿಯಾದುದರಿಂದ ಅದು ಹೊಗೆಯೆಂದು ನಮ್ಮ ಲೆಕ್ಕದಲ್ಲಿಯೇ ಇರಲಿಲ್ಲ. ಹುಡುಗಿಯರು ಆ ವರದಿಯನ್ನು ನಮ್ಮ ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ನಿಂತಿದ್ದರು. ತಲೆ ತಗ್ಗಿಸಬೇಕಾದವರು ಅವರಾಗಿರಲಿಲ್ಲ.

ಈಗ ಬೇವಿನ ಮರದ ಕೆಳಗೆ ಗೊಬ್ಬರದ ಗುಂಡಿಯಿದೆ. ಗೇಟಿನ ಬಳಿ ಎಂಜಿನ್ನನ್ನು ನಿಲ್ಲಿಸಬೇಕೆಂಬ ನಿಯಮವನ್ನು ಮಾಡಿದ್ದೇವೆ. ಅದನ್ನು ಪೋಷಕರು ಎಲ್ಲರೂ ಇನ್ನೂ ನಡಸುತ್ತಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಇಡ್ಲಿಯ ತಾಯಿಯನ್ನು ಕರೆದು, ಗ್ಯಾಸಿನ ಒಲೆಯನ್ನೇಕೆ ಇಡಬಾರದೆಂದು ಕೇಳಿದೆವು. “ಮನೆ ಸಿಲಿಂಡರ್ ವ್ಯಾಪಾರಕ್ಕೆ ಬಳಸ್ಬಾರ್ದು ಅಂತಾರೆ ಅಮ್ಮಾವ್ರೇ, ಅಂಗಡಿ ಸಿಲಿಂಡರ್ ತುಂಬ್ಸೋಕೆ ನಮ್ಮ ಕೈಲಾಗಲ್ಲ” ಎಂದು ಆಕೆ ಹೇಳಿದಳು. ಆಕೆಗೆ ಆ ಅನುಕೂಲವನ್ನು ಒದಗಿಸುವ ಬಗೆಯನ್ನು ಹಳೆಯ ವಿದ್ಯಾರ್ಥಿನಿಯರ ಸಂಘದವರು ಯೋಚಿಸುತ್ತಿರುವರು. ಸಂಘದ ಸದಸ್ಯೆಯರು ಈ ಪುಟವನ್ನು ಓದುತ್ತಿದ್ದರೆ, ಯೋಚನೆಯನ್ನು ಬೇಗನೆ ಮುಗಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಖಾನೆಯಲ್ಲಿದ್ದ ಅರ್ಜಿಯನ್ನು ನಾವು ಹರಿದುಹಾಕಿದೆವು. ಅದರ ಬದಲಿಗೆ ಮೇಲೆ ಹೇಳಿದ ಮೂರು ಕೋರಿಕೆಗಳನ್ನು ಬರೆದು, ಹುಡುಗಿಯರ ಎರಡು ವಾರದ ಲೆಕ್ಕವನ್ನು ಲಗತ್ತಿಸಿ, ನಗರಾಡಳಿತಕ್ಕೆ ಕಳುಹಿಸಿದ್ದೇವೆ. ನಮ್ಮ ಶಾಲೆಯಿಂದ ಹೊರಟು ಊರೂರುಗಳಲ್ಲಿ ನೆಲಸಿರುವ ಸೋದರಿಯರೇ, ನಿಮ್ಮ ನಿಮ್ಮ ಬೀದಿಯಲ್ಲಿಯೂ ಇಂಥದೊಂದು ಹಾಜರಿಯನ್ನು ತೆಗೆದು ನೋಡಿರಿ. ಮೊದಲು ನಿಮ್ಮ ಮನೆಯ ಹೆಸರನ್ನೇ ಕೂಗಿರಿ.